ಪೈಲವಾನನ ನಾಕ ಗಂಟೇದ ಹಸಿವಿ

ದ್ರಾಕ್ಷಿ ತುಂಬೂ ಪ್ಲಾಸ್ಟಿಕ್ ಕ್ರೇಟಿನ್ಯಾಗ ಇಟ್ಟು, ಮ್ಯಾಲ ಹಸಿ ಗೋಣಿಚೀಲ ಹೊಚ್ಚಿ ಅದನ್ನ ನನ್ನ ದವಾಖಾನಿಗೆ ತಂದ್ರು. ಪಂಚಮಿ ಮುಗದ ವಾರ ಅದು. ಗೋಳಗುಮ್ಮಟದ ಹಿಂದಿನ ಓಣ್ಯಾಗ ನಂದೊಂದು ಸಣ್ಣ ದವಾಖಾನಿ. ನಾಯಿ, ಬೆಕ್ಕು, ಆಡು, ಒಮ್ಮೊಮ್ಮೆ ಟಾಂಗಾದ ಕುದರಿ ಬರ್ತಾವ. ಚೀಲ ಸರಿಸಿದ ಕೂಡ್ಲೆ ಬಾಕಿನ ಮ್ಯಾಲ ಕುಂತ ಮಂದಿ ಉಡಾ ಉಡಾ ಅಂತ ಎದ್ದು ನಿಂತ್ರು. ಉಡ ಅಲ್ಲ ಅದು. ಉಡ ಸಾಕಿದ್ರ ಜೈಲಿಗೆ ಹೋಗಬೇಕಾಗ್ತದ. ಇದು ಟೆಗು, ದಕ್ಷಿಣ ಅಮೆರಿಕಾದ ದೊಡ್ಡ ಹಲ್ಲಿ, ಕರಿ ಮೈಮ್ಯಾಲ ಬಿಳಿ ಪಟ್ಟಿ, ಮೂಗಿನಿಂದ ಬಾಲದ ತುದಿತನಕ ನಾಕ ಫೂಟು. ಸಾಕಾಕ ಬೇಕಾದ ಕಾಗದ-ಪತ್ರ ಎಲ್ಲಾ ಬರೋಬ್ಬರಿ ಇದ್ದವು. ಹೆಸರು ಪೈಲವಾನ.

ಪೈಲವಾನ ಟೇಬಲ್ ಮ್ಯಾಲ ನಿಲ್ಲಲಿಲ್ಲ, ಹರವಿಕೊಂತು. ಹೊಟ್ಟಿ ಎರಡೂ ಕಡೆ ಚೆಲ್ಲಿತ್ತು, ಮುಂಗಾಲಿನ ಹಿಂದ ಕೊಬ್ಬು ಚೀಲದಂಗ ಜೋತಿತ್ತು, ಬಾಲದ ಬುಡ ಉಬ್ಬಿತ್ತು. ಗಂಡು ಟೆಗುವಿಗೆ ಗಲ್ಲ ದಪ್ಪ ಇರೂದು ಸಹಜ, ಅದನ್ನ ನೋಡಿ ಏನೂ ಹೇಳಾಕ ಬರೂದಿಲ್ಲ. ನೋಡಬೇಕಾದ್ದು ಈ ಮೂರು ಜಾಗ. ತೂಕ ಮಾಡಿದೆ. ಒಂಬತ್ತು ಕಿಲೋ ಇನ್ನೂರು ಗ್ರಾಂ. ಆ ಉದ್ದಕ್ಕ ಆರು, ಆರೂವರಿ ಇದ್ರ ಸಾಕಾಗಿತ್ತು.

ತಂದಾಂವ ತಿಕೋಟಾದಂವ. ದ್ರಾಕ್ಷಿ ಒಣಗಿಸಿ ಮಣೂಕ ಮಾಡೂ ಮನಿತನ ಅವರದು. ಹೆಸರು ಬರಿಯೂದಿಲ್ಲ, ಹಿರಿಮಗ ಅಂತೇನಿ. ಇದು ತಮ್ಮಂದ್ರಿ, ತಮ್ಮ ಇಲ್ಲ ಈಗ, ಅಂದ. ನಾನು ಹೌದೇನು ಅಂದು, ಏನು ತಿನ್ನಸ್ತೀರಿ ಅಂತ ಕೇಳಿದೆ. ತಮ್ಮ ಯಾಕ ಇಲ್ಲ ಅಂತ ಮದಲ ಕೇಳಬೇಕಿತ್ತು. ನಾ ಎಡವಿದ್ದು ಅಲ್ಲೇ.

ತಿನ್ನಸೂದರ ಯಾದಿ ಕೇಳಿ ನನ್ನ ತಲಿ ಕೆಟ್ಟು ಹೋತು. ಅನ್ನ ಹಾಲು, ಚಪಾತಿ ತುಪ್ಪ, ಬಾಳಿಹಣ್ಣು, ಮಣೂಕ. ಮಣೂಕ ಎಷ್ಟು ಅಂದ್ರ ಕೇಳಿದಷ್ಟು. ಅವರ ಮನ್ಯಾಗ ಮಾಂಸ ಬರೂದಿಲ್ಲ. ತಮ್ಮ ಇದ್ದಾಗ ದ್ರಾಕ್ಷಿ ಒಣಗಸೂ ಶೆಡ್ಡಿನ್ಯಾಗ ಗುಟ್ಟಾಗಿ ಕೋಳಿ, ಮೀನ, ತತ್ತಿ ಹಾಕ್ತಿದ್ದನಂತ. ಅಂವ ಹೋದ ಮ್ಯಾಲ ಅವರವ್ವ ಪೈಲವಾನನ್ನ ಶೆಡ್ಡಿನಿಂದ ಮನಿಗೆ ಕರಕೊಂಡು ಬಂದು, ಮನಿಮಂದಿಯಂಗ ಉಣಸಾಕ ಹತ್ತಿದ್ರು. ನನಗ ಸಿಟ್ಟು ಮೂಗಿನ ತುದಿಗೇ ಇರ್ತದ. ಇದೇನು ವ್ರತ ಹಿಡದ ಅಜ್ಜಾರೇನ್ರಿ ಹಾಲು ಹಣ್ಣಿನ ಮ್ಯಾಲ ಇರಾಕ, ತಿನ್ನಿಸಿ ತಿನ್ನಿಸಿ ಕೊಲ್ಲಾಕತ್ತೀರಿ ನೀವು, ಅಂತ ಒದರಿದೆ. ಆಮ್ಯಾಲ ನೋಡ್ತೇನಿ, ಬಾಗಲದಾಗ ಒಬ್ಬಾಕಿ ಹೆಣ್ಣಮಗಳು ನಿಂತಾಳ. ಮೂವತ್ತರ ಆಜೂಬಾಜು, ಹಣಿ ಬೋಳು, ಕೈಯಾಗ ಒಂದು ನೋಟಬುಕ್ಕು. ತಮ್ಮನ ಹೆಂಡತಿ. ಅಕಿನ್ನ ಸೊಸಿ ಅಂತೇನಿ. ನಾ ಒದರಿದ್ದನ್ನೂ ಅಕಿ ಬರಕೊಂಡಿದ್ದಳು.

ರಕ್ತ ತಗದು ಪರೀಕ್ಷೆಗೆ ಕಳಿಸಿದೆ. ಸುಣ್ಣದಂಶ ಕಡಿಮಿ ಬಂತು, ಲಿವರಿನ ತ್ರಾಸು ಸುರು ಆಗೇದ ಅನ್ನೂ ಲಕ್ಷಣಾನೂ ಬಂತು. ಬೊಜ್ಜು ಬಂದ ಹಲ್ಲಿಗೆ ಒಂದು ಪೇಚು ಇರ್ತದ. ತಿನ್ನಸಿದ್ರ ಕೊಬ್ಬು ಲಿವರಿಗೆ ಕೂಡತದ. ಒಮ್ಮಿಗೇ ಉಪವಾಸ ಕೆಡವಿದ್ರ ಮೈಯಾಗಿನ ಕೊಬ್ಬು ಕರಗಿ ಬಂದು ಅದ ಲಿವರಿಗೇ ಮುತ್ತತದ, ಪ್ರಾಣಿ ಹೋಗಿಬಿಡ್ತದ. ಅದಕ್ಕ ವಾರಕ್ಕ ಐವತ್ತರಿಂದ ತೊಂಬತ್ತು ಗ್ರಾಂ, ಅದಕ್ಕಿಂತ ಜಲ್ದಿ ಇಳಿಸಬಾರದು. ಹಸಿವಿಲೆ ಇಟ್ರೂ ಸಾಯ್ತದ ನೋಡ್ರಿ ಅಂತ ಹೇಳಿದೆ. ಅದನ್ನೂ ಅಕಿ ಬರಕೊಂಡಳು.

ಪಥ್ಯದ ಪಟ್ಟಿ ಮಾಡಿದೆ. ವಾರದಾಗ ಮೂರ ದಿನ ಊಟ. ಚರ್ಮ ತಗದ ಕೋಳಿ ತುಂಡು, ಮುಳ್ಳು ಸಮೇತ ಸಣ್ಣ ಮೀನ, ವಾರಕ್ಕೊಂದೇ ತತ್ತಿ. ತುರದ ಕುಂಬಳಕಾಯಿ, ಹೀರಿಕಾಯಿ, ಒಂದೀಟು ಸೊಪ್ಪು, ಮ್ಯಾಲ ಕ್ಯಾಲ್ಸಿಯಂ ಪುಡಿ. ಅನ್ನ, ಹಾಲು, ಚಪಾತಿ, ಮಣೂಕ ಬಂದ್. ಊಟ ಒಂದ ಕಡೆ ಇಡಬಾರದು, ಶೆಡ್ಡಿನ ತುಂಬ ನಾಕೈದು ಕಡೆ ಚೆಲ್ಲಬೇಕು, ಅದು ಹುಡಕಿ ತಿನ್ನಬೇಕು, ಅಡ್ಯಾಡಬೇಕು. ಕಾಸಾಕ ಒಂದು ದೀಪ, ಬಿಸಲಿನ ಕಿರಣ ಕೊಡೂ ಇನ್ನೊಂದು ದೀಪ. ನಮ್ಮ ಕಡಿ ಗಾಳಿ ಭಾಳ ಒಣ, ಅದಕ್ಕ ಮಲಗೂ ಜಾಗದಾಗ ಹಸಿ ಮಣ್ಣು. ಪ್ರತಿ ಸೋಮವಾರ ಮುಂಜಾನೆ, ಹೊಟ್ಟಿಗೆ ಏನೂ ಹಾಕೂಕಿಂತ ಮದಲ, ಶೆಡ್ಡಿನ ತಕ್ಕಡಿ ಮ್ಯಾಲ ತೂಕ. ಕೋಳಿ, ಮೀನ ಮನಿ ಹೊಸ್ತಿಲ ದಾಟೂದು ಬ್ಯಾಡ, ಊರಾಗಿನ ತತ್ತಿ ಅಂಗಡ್ಯಾಂವ ಸೀದಾ ಶೆಡ್ಡಿಗೇ ಮುಟ್ಟಸ್ಲಿ ಅಂತ ಒಂದು ದಾರಿ ಮಾಡಿದ್ವಿ.

ಮದಲನೇ ಸೋಮವಾರ ಹಿರಿಮಗ ಖುಷಿಲೆ ಫೋನ್ ಮಾಡಿದ. ಏಳು ಕಿಲೋ ಏಳನೂರು. ನನಗ ಖುಷಿ ಆಗಲಿಲ್ಲ. ಒಂದ ವಾರಕ್ಕ ಒಂದೂವರಿ ಕಿಲೋ ಅಂದ್ರ ಪ್ರಾಣಿ ಸಾಯಾಕತ್ತದ ಅಂತ ಅರ್ಥ. ಊಟ ಹೆಚ್ಚ ಮಾಡ್ರಿ, ವಾರಕ್ಕ ಐದ ದಿನಾ ಹಾಕ್ರಿ ಅಂದೆ. ಮೂರ ವಾರ ಹಂಗ ಹಾಕಿದ್ರು. ನಾಕನೇ ವಾರ ಮನಸ್ಸು ತಡೀಲಿಲ್ಲ, ನಾನೇ ತಿಕೋಟಾಕ್ಕ ಹೋದೆ. ಹಂಗಾಮು ಮುಗದು ಶೆಡ್ಡು ಖಾಲಿ ಇತ್ತು. ದ್ರಾಕ್ಷಿ ಹರವೂ ಬಲಿ ಮಜಲ ಮಜಲ ಮ್ಯಾಲತನಕ ಜೋತಿದ್ದವು, ಗಾಳಿಗೆ ಸಣ್ಣಗೆ ಅಲಗತಿದ್ದವು, ಗಂಧಕದ ವಾಸನಿ ಇನ್ನೂ ಹೋಗಿರಲಿಲ್ಲ. ನನ್ನ ಮುಂದನ ತೂಕ ಮಾಡ್ರಿ ಅಂದೆ. ಹಿರಿಮಗ ಖಾಲಿ ಕ್ರೇಟಿಟ್ಟು ತಕ್ಕಡಿ ಸೊನ್ನಿಗೆ ತಂದ, ಪೈಲವಾನನ್ನ ಅದರಾಗ ಕೂಡಿಸಿದ, ಬಂದ ಅಂಕಿ ನೋಡಿದ, ಬಾಯಾಗ ಏನೋ ಲೆಕ್ಕಾ ಹಾಕಿ ಒಂದೂವರಿ ಕಿಲೋ ಕಳದು ಹೇಳಿದ. ಕ್ರೇಟಿನ ತೂಕ ಎರಡ ಸರ್ತಿ ಕಳಿಯಾಕತ್ತಿದ್ದ! ಹುಟ್ಟಿದಾಗಿಂದ ಮಣೂಕ ತೂಗಿದ ಕೈ, ಕ್ರೇಟು ಕಂಡ್ರ ಕಳಿಯೂದು ಅದಕ್ಕ ಉಸರಾಡಿದಂಗ ಆಗೇದ. ಪ್ರಾಣಿ ಒಂದು ಗ್ರಾಂ ಸೈತ ಇಳಿದಿರಲಿಲ್ಲ. ನನ್ನ ಮಾತು ಕೇಳಿ ಮೂರು ವಾರ ಹೆಚ್ಚ ತಿಂದು ಒಂಬತ್ತೂ ಆರನೂರಕ್ಕ ಬಂದು ನಿಂತಿತ್ತು. ಅಂವನ್ನ ಬೈಯಾಕ ನನಗ ಮಾರಿ ಇರಲಿಲ್ಲ. ಡಾಕ್ಟರು ಅನ್ನಿಸಿಕೊಂಡಾಕಿ ನಾ, ಮದಲನೇ ದಿನನ ಬಂದು ತಕ್ಕಡಿ ನೋಡಬೇಕಿತ್ತು.

ಅವತ್ತ ಮನ್ಯಾಗ ಚಾ ಕುಡೀಲಿಕ್ಕೆ ಕುಂತಾಗ ಆಯಿ ಹೇಳಿದ್ರು. ಆಯಿ ಅಂದ್ರ ತೀರಿಕೊಂಡಂವನ ತಾಯಿ. ಮಗ ಹೋದ ಒಂಬತ್ತನೇ ದಿನ ಹಿತ್ತಲದಾಗ ಎಡಿ ಇಟ್ಟಿದ್ರಂತ, ಅಂವಗ ಸೇರೂದೆಲ್ಲಾ ಮಾಡಿ. ಹೊತ್ತು ಏರಿದ್ರೂ ಕಾಗಿ ಮುಟ್ಟಲಿಲ್ಲ. ಬೇಡಿಕೊಂಡ್ರು, ಮನ್ಯಾಗಿನವರೆಲ್ಲಾ ಮಾತು ಕೊಟ್ರು, ಒಂದು ಕಾಗಿ ಸೈತ ಇಳೀಲಿಲ್ಲ. ಕಡೀಕ ಶೆಡ್ಡಿನ ಕಡಿಂದ ಪೈಲವಾನ ಹೊಟ್ಟಿ ಎಳಕೋತ ಬಂದು, ಎಡಿ ಮುಂದ ನಿಂತು ಎಲ್ಲಾರ ಮಾರಿ ಒಮ್ಮೆ ನೋಡಿ, ಹೋಳಿಗಿಗೆ ಬಾಯಿ ಹಾಕಿತು.

"ನೀವು ಓದಿದವರು, ನಗತೀರಿ," ಅಂದ್ರು ಆಯಿ. "ಆದ್ರ ಅದು ನೋಡಿದ ರೀತಿ ನಿಮಗ ಗೊತ್ತಿಲ್ಲ ಡಾಕ್ಟರ್ ಬಾಯಾರ."

ನಾ ನಗಲಿಲ್ಲ. ಒಂಬತ್ತ ದಿನ ಯಾರೂ ಹೊಟ್ಟಿಗೆ ಹಾಕದ ಪ್ರಾಣಿ, ತುಪ್ಪದ ವಾಸನಿಗೆ ಬಂದದ ಅಂತ ತಿಳಿಸಿ ಹೇಳಿದೆ. ಹೇಳೂ ಮುಂದ ಹಿಂದ ಯಾರೋ ನಿಂತಂಗ ಆತು. ತಿರುಗಿ ನೋಡಿದ್ರ ಅಡಗಿಮನಿ ಹೊಸ್ತಿಲ ಮ್ಯಾಲ ಪೈಲವಾನ. ನಾಲಿಗಿ ಚಾಚಿ ಗಾಳಿ ನೆಕ್ಕಿತು, ಒಳಗ ಬರಲಿಲ್ಲ, ಸುಮ್ಮನ ನಿಂತಿತು. ಗ್ವಾಡಿ ಮ್ಯಾಲಿನ ಗಡಿಯಾರದಾಗ ನಾಕು ಹೊಡದಿತ್ತು. ದಿನಾ ಇದ ಹೊತ್ತಿಗೆ ಬರ್ತದ್ರಿ ಅಂದ ಹಿರಿಮಗ. ಸೊಸಿ ಚಾದ ಬಟ್ಟಲಾ ತಗೊಂಡು ಎದ್ದು ಒಳಗ ಹೋದಳು.

ತೂಕ ಬರೋಬ್ಬರಿ ಮಾಡಾಕ ಹತ್ತಿದ ಮ್ಯಾಲೂ ಪೈಲವಾನ ಇಳೀಲಿಲ್ಲ. ನೋಟಬುಕ್ಕಿನ್ಯಾಗ ಸೊಸಿ ಎಲ್ಲಾ ಬರದಿದ್ದಳು, ಮೀನ ಇಷ್ಟು, ಕುಂಬಳಕಾಯಿ ಇಷ್ಟು, ಶೆಡ್ಡಿನ್ಯಾಗ ಅಡ್ಯಾಡಿದ್ದು ಇಷ್ಟು. ಅಷ್ಟ ತಿಂದ್ರ ಇಳೀಲೇಬೇಕು. ಕಡೀಕ ಅದರ ಹಿಕ್ಕಿ ಡಬ್ಬಿ ತುಂಬಿ ಕಳಸ್ರಿ ಅಂದೆ. ನೀರಾಗ ಕಲಸಿ ಜರಡಿ ಹಿಡದೆ. ಮೀನಿನ ಮುಳ್ಳು ಇತ್ತು, ಅದು ಸರಿ. ಅದರ ಜೋಡಿ ಎಳ್ಳು, ಮತ್ತ ಶೇಂಗಾದ ಕೆಂಪು ಸಿಪ್ಪಿ. ನನಗ ಬೆಂಕಿ ಹತ್ತಿದಂಗ ಆತು. ಶೇಂಗಾ ಹೋಳಿಗಿ!

ಗಾಡಿ ತಗೊಂಡು ಅವತ್ತ ತಿಕೋಟಾಕ್ಕ ಹೋಗಿ ಆಯಿ ಜೋಡಿ ಜಗಳಾನ ತಗದೆ. ಮಗನ ಹೆಸರಲೆ ಇದ್ದ ಒಂದು ಜೀವಾನೂ ಕಳಕೋತೀರಿ ಅಂದೆ. ಆಯಿ ಅಳಲಿಲ್ಲ. ನಾ ಎಡಿ ಇಡೂದು ಅಮಾಸಿಗೊಮ್ಮೆ, ಮಾಳಿಗಿ ಮ್ಯಾಲ, ಪೈಲವಾನಗ ಮಾಳಿಗಿ ನಿಚ್ಚಣಕಿ ಏರಾಕ ಬರೂದಿಲ್ಲ, ಬೇಕಾದ್ರ ಮಗನ ಆಣಿ ಮಾಡ್ತೇನಿ ಅಂದ್ರು. ಮಗ ಸತ್ತ ತಾಯಿ ಮಗನ ಆಣಿ ಮಾಡ್ತೇನಿ ಅಂದ ಮ್ಯಾಲ ನಾ ಗಾಡಿ ಕೀಲಿ ತಗೊಂಡು ಎದ್ದೆ. ಸೊಸಿ ನೋಟಬುಕ್ಕು ಹಿಡಕೊಂಡು ಅಲ್ಲೇ ನಿಂತಿದ್ದಳು. ನೀನರ ಒಂದಿಷ್ಟು ನಿಗಾ ಇಡವಾ ಅಂತ ಅಕಿಗೇ ಹೇಳಿ ಬಂದೆ. ಸುಮ್ಮಕಿದ್ದವರು ಶ್ಯಾಣ್ಯಾರು ಅಂತ ಮದಲಿಂದ ನಂದೊಂದು ಹುಚ್ಚ ನಂಬಿಕಿ.

ಚಳಿ ಬಿತ್ತು. ಒಂದಿನ ಮಧ್ಯಾಹ್ನ ಹಿರಿಮಗ ಫೋನ್ ಮಾಡಿದ, ಪೈಲವಾನ ಹೋತ್ರಿ ಅಂದ. ಮೂರ ದಿನದಿಂದ ಕಾಣವಲ್ಲದಾಗಿತ್ತಂತ, ಹುಡಕಿದ್ರ ಶೆಡ್ಡಿನ ಮೂಲ್ಯಾಗ ಗೋಣಿಚೀಲದ ಬುಡಕ ಮಣ್ಣಾಗ ಹುದುಗಿತ್ತು, ಮೈ ಕಲ್ಲಿನಂಗ ತಣ್ಣಗ, ಉಸರಿಲ್ಲ. ಹೂಳಾಕ ಕುಣಿ ತೋಡಸ್ಲೇನ್ರಿ ಅಂತ ಕೇಳಿದ. ಮುಟ್ಟಬ್ಯಾಡ್ರಿ, ನಾ ಬರೂತನಕ ಯಾರೂ ಮುಟ್ಟಬ್ಯಾಡ್ರಿ ಅಂದು ಗಾಡಿ ಹೊಡದೆ. ಟೆಗು ಚಳಿಗಾಲದಾಗ ತಿಂಗಳಗಟ್ಟಲೆ ನಿದ್ದಿ ಹೋಗ್ತಾವ. ನಮ್ಮ ಬಿಸಲ ಸೀಮ್ಯಾಗ ಹಂಗೆಲ್ಲಿ ಮಲಗತದ ಅಂದುಕೊಂಡು ಅವರಿಗೆ ಹೇಳಿರಲೇ ಇಲ್ಲ ನಾ. ಆದ್ರ ಲಿವರು ಕೆಟ್ಟ ಪ್ರಾಣಿ ನಿದ್ದ್ಯಾಗೇ ಹೋಗೂದೂ ಅದ. ಎರಡರಾಗ ಯಾವುದು ಅಂತ ದಾರಿ ತುಂಬ ತಲಿ ತಿರಗತಿತ್ತು.

ನನ್ನ ಹತ್ರ ಎದಿಬಡತ ಕೇಳಿಸೂ ಸಣ್ಣ ಮಷಿನ್ ಅದ. ಬಸುರಿ ಹೆಂಗಸರಿಗೆ ಕೂಸಿನ ಎದಿಬಡತ ಕೇಳಸ್ತಾರಲ್ಲ, ಅಂಥಾದ್ದು. ಮೂವರೂ ಸುತ್ತಲೂ ನಿಂತಿದ್ರು. ಪೈಲವಾನನ ಬಗಲಾಗ ಜೆಲ್ ಹಚ್ಚಿ ಕಡ್ಡಿ ಇಟ್ಟೆ. ಬರೇ ಗಾಳಿ ಬೀಸಿದಂಥಾ ಸಪ್ಪಳ. ಸರಿಸಿ ಇಟ್ಟೆ, ಮತ್ತ ಸರಿಸಿದೆ. ಮ್ಯಾಲ ಬಲಿ ಅಲಗಾಡೂದು ಕೇಳಸ್ತಿತ್ತು, ಅಷ್ಟ. ಆಯಿ ಗೋಣು ಹಾಕಿದ್ರು. ನನಗೂ ಕೈ ತಗದು ಬಿಡೂಣು ಅನಿಸಿತ್ತು. ಆವಾಗ ಒಂದು ಬಡತ ಬಂತು, ದೂರದಾಗ ಯಾರೋ ಕದಾ ಬಡದಂಗ. ಆಮ್ಯಾಲ ಏನೂ ಇಲ್ಲ. ನಾ ಕಡ್ಡಿ ಅಲ್ಲೇ ಒತ್ತಿ ಹಿಡದೆ. ಹತ್ತು ಎಣಸೂದ್ರಾಗ ಇನ್ನೊಂದು ಬಡತ.

ಸೊಸಿ ಮಣ್ಣಾಗ ಕುಂತುಬಿಟ್ಟಳು.

"ನಾ ನಮ್ಮ ಮನಿಯವರ ಎದಿಗೆ ಕಿವಿ ಹಚ್ಚಿ ಕೇಳಿದ್ದೆರಿ," ಅಂದಳು. "ಇಲ್ಲೇ, ಇದ ಜಾಗಾದಾಗ. ಇಷ್ಟು ಹೊತ್ತು ತಡೀಲೇ ಇಲ್ಲರಿ ನಾ. ಇನ್ನೊಂದೀಟು ತಡದಿದ್ರ ಕೇಳಸ್ತಿತ್ತೇನೋ."

ಅವತ್ತ ಅಕಿ ಎಲ್ಲಾ ಹೇಳಿದಳು. ಗಂಡ ಭಾರಿ ಆಳು, ಪೈಲವಾನ ಅನ್ನೂ ಹೆಸರು ಮದಲ ಗೆಳ್ಯಾರು ಅಂವಗ ಇಟ್ಟಿದ್ದಂತ. ಹೃದಯದ ಡಾಕ್ಟರು ತೂಕ ಇಳಿಸದಿದ್ರ ಕಷ್ಟ ಅಂದಿದ್ರು. ಉಳದವರು ಯಾರೂ ತಲಿ ಕೆಡಿಸಿಕೊಳ್ಳಲಿಲ್ಲ, ಇಕಿ ಉಡದ ಪಟ್ಟು ಹಿಡದು ಗಂಡಗ ಪಥ್ಯ ಮಾಡಸಾಕತ್ತಿದ್ದಳು, ಇಂಥಾದ ಒಂದು ನೋಟಬುಕ್ಕು ಇಟ್ಟು. ಹಂಗಾಮಿನ ದಿನ. ಅವತ್ತ ಬಬಲೇಶ್ವರದಿಂದ, ಇಕಿ ತವರಿನಿಂದ, ಶೇಂಗಾ ಹೋಳಿಗಿ ಬಂದಿದ್ದವು. ನಾಕ ಗಂಟೆಕ್ಕ ಅಂವ ಅಡಗಿಮನಿ ಹೊಸ್ತಿಲ ಮ್ಯಾಲ ನಿಂತು ಒಂದು ಕೊಡು ಅಂದ. ಇವತ್ತಿಂದು ಮುಗದದ, ನಾಳೆ ಅರ್ಧಾ ಕೊಡ್ತೇನಿ ಅಂದಳು ಇಕಿ. ಅಂವ ನಕ್ಕು ಶೆಡ್ಡಿಗೆ ಹೋದ. ಚಾ ತಗೊಂಡು ಹೋಗೂದ್ರಾಗ ಕ್ರೇಟಿಗೆ ಒರಗಿ ಕುಂತಿದ್ದ, ಕಾಲ ಮ್ಯಾಲ ಹಲ್ಲಿ ಗದ್ದ ಇಟ್ಟು ಬಾಗಲಾ ನೋಡತಿತ್ತು.

"ನಾಳೆ ಅರ್ಧಾ ಅಂದಿದ್ದೆರಿ. ದಿನಾ ಅದ ಹೊತ್ತಿಗೆ ಬಂದು ಅದ ಹೊಸ್ತಿಲ ಮ್ಯಾಲ ನಿಂದರತೈತಿ. ಹೆಂಗ ಇಲ್ಲ ಅನ್ಲಿ? ದಿನಾ ಅರ್ಧಾ ಕೊಡಾಕತ್ತೇನಿ."

ಆಯಿ ಅಕಿ ಹಂತ್ಯಾಕ ಹೋಗಿ ಕುಂತು ತಲಿ ಮ್ಯಾಲ ಕೈ ಇಟ್ರು. ನನಗ ನನ್ನ ಮದಲಿನ ಮಾತು ನೆಪ್ಪಾದವು. ತಿನ್ನಿಸಿ ಕೊಲ್ಲಾಕತ್ತೀರಿ ಅಂದಿದ್ದೆ, ಹಸಿವಿಲೆ ಇಟ್ರೂ ಸಾಯ್ತದ ಅಂದಿದ್ದೆ, ಎರಡನ್ನೂ ಇಕಿ ಬರಕೊಂಡಿದ್ದಳು. ನಾಚಿಕಿ ಆತು ನನಗ, ಖರೇ ಹೇಳ್ತೇನಿ.

ಪೈಲವಾನನ್ನ ಎಬ್ಬಿಸಲಿಲ್ಲ. ಹದಿನೈದು ದಿನಕ್ಕೊಮ್ಮೆ ಅಲಗಾಡದಂಗ ತೂಕ, ಹತ್ರ ಒಂದು ಬೋಗಾಣಿ ನೀರು, ಮಣ್ಣು ಒಣಗದಂಗ ನೋಡಿಕೊಳ್ಳೂದು, ಅಷ್ಟ ಹೇಳಿದೆ. ನಿದ್ದ್ಯಾಗ ತೂಕ ಸ್ವಲ್ಪನ ಇಳೀತದ, ಅದಕ್ಕ ಅಂಜಬ್ಯಾಡ್ರಿ ಅಂದೆ. ಆದ್ರ ಎದ್ದ ಮ್ಯಾಲ ಏನು? ಹೋಳಿಗಿ ಬಂದ್ ಮಾಡು ಅನ್ನೂದು ನನ್ನ ಕೆಲಸ. ಹಂಗಂದ್ರ ಆ ಹೆಣ್ಣಮಗಳು ದಿನಾ ನಾಕ ಗಂಟೆಕ್ಕ ಇನ್ನೊಮ್ಮೆ ಇಲ್ಲ ಅನ್ನಬೇಕು. ಎರಡು ತಿಂಗಳು ಇದನ್ನ ತಲ್ಯಾಗ ಇಟ್ಟುಕೊಂಡು ತಿರಗಿದೆ. ನನ್ನ ದವಾಖಾನ್ಯಾಗ ನಾಕು ಹೊಡದ್ರ ಸಾಕು, ಬಾಗಲದ ಕಡೆ ಕಣ್ಣು ಹೋಗಿಬಿಡ್ತಿತ್ತು. ಯಾರೂ ಇರತಿದ್ದಿಲ್ಲ, ಆದ್ರೂ ನೋಡತಿದ್ದೆ.

ಬಿಸಲು ಏರಿದ ಮ್ಯಾಲ ಪೈಲವಾನ ಎದ್ದ ಸುದ್ದಿ ಬಂತು. ಹೋದೆ. ಶೆಡ್ಡಿನ್ಯಾಗ ಹೊಸಾ ಹಂಗಾಮು, ಬಲಿ ತುಂಬ ದ್ರಾಕ್ಷಿ. ಹಳೇ ಪಟ್ಟಿ ಹರದು ಹಾಕಿ ಸೊಸಿಗೆ ಹೇಳಿದೆ, ಆ ಹೊತ್ತು ಬಿಡಬ್ಯಾಡ ಯವ್ವಾ, ದಿನಾ ನಾಕ ಗಂಟೆಕ್ಕ ನಿಮ್ಮ ಮನಿಯವರ ತಾಟಿನ್ಯಾಗನ ಕೊಡು. ಬೆಳದ ಟೆಗುವಿಗೆ ದಿನಾ ಊಟ ಹಾಕೂದು ರೂಢಿ ಅಲ್ಲ. ವಾರದ ಊಟಾನ ಏಳು ಪಾಲು ಮಾಡಿದೆ. ಒಂದಿನ ಎರಡು ಸಣ್ಣ ಮೀನ, ಒಂದಿನ ಬರೇ ಕುಂಬಳಕಾಯಿ, ಒಂದಿನ ಕೋಳಿ ಒಂದು ತುಂಡು, ಒಂದಿನ ಸೊಪ್ಪು. ತಾಟು ಶೆಡ್ಡಿನ ಬಾಗಲದಾಗ, ಮನಿಯಿಂದ ದೂರ, ಅದು ನಡಕೋತ ಬರಬೇಕು. ಮತ್ತ ಅರ್ಧಾ ಹೋಳಿಗಿ? ಅಂತ ಕೇಳಿದಳು. ಅದು ನಿಂದು, ನೀ ತಿನ್ನು ಅಂದೆ. ಅವತ್ತಿಂದ ನನ್ನ ಗಂಟಲದಾಗ ಇಳಿದಿಲ್ರಿ ಹೋಳಿಗಿ ಅಂದಳು. ನಾ ಒತ್ತಾಯ ಮಾಡಲಿಲ್ಲ.

ಮದಲನೇ ವಾರ ಪೈಲವಾನ ತಾಟಿನ್ಯಾಗಿನ ಕುಂಬಳಕಾಯಿ ಮೂಸಿ ನೋಡಿ, ಸೊಸಿ ಮಾರಿ ನೋಡಿ, ಹಂಗ ಹೋಗಿಬಿಡತಿತ್ತಂತ. ಅಕಿ ಫೋನ್ ಮಾಡಿ ಅಳತಿದ್ದಳು. ಬುದ್ಧಿವಂತ ಪ್ರಾಣಿ, ಹಟ ಹಿಡದದ, ಲಿವರಿಗೆ ಏನೂ ಆಗೂದಿಲ್ಲ, ಮೀನಿನ ದಿನ ತಿನ್ನಾಕತ್ತದಲ್ಲ ಅಂತ ಧೈರ್ಯ ಹೇಳಿದೆ. ಧೈರ್ಯ ನನಗೂ ಅಷ್ಟ ಇತ್ತು. ಎರಡನೇ ವಾರ ಕುಂಬಳಕಾಯಿಗೆ ಬಾಯಿ ಹಾಕಿತು. ಆಮ್ಯಾಲ ವಾರಾ ಐವತ್ತು, ಅರವತ್ತು ಗ್ರಾಂ ಇಳಕೋತ ಹೋತು. ಹಿರಿಮಗ ಕ್ರೇಟು ಕಳಿಯೂದು ಬಿಟ್ಟಾನೋ ಇಲ್ಲೋ ಅಂತ ಪ್ರತಿ ಸೋಮವಾರ ಕೇಳತಿದ್ದೆ, ಅಂವ ನಗತಿದ್ದ. ಮಳಿಗಾಲಕ್ಕ ಹೊಟ್ಟಿ ನೆಲಾ ಬಿಟ್ಟು ಮ್ಯಾಲೆದ್ದಿತು, ಮುಂಗಾಲಿನ ಹಿಂದಿನ ಚೀಲ ಕರಗಿತು. ಕಣ್ಣಿಗೆ ಚುರುಕು ಬಂತು, ಶೆಡ್ಡಿನ ಹಿಂದಿನ ಕಲ್ಲಿನ ಗುಂಪಿ ಏರಿ ಬಿಸಲಿಗೆ ಕುಂದರಾಕ ಹತ್ತಿತು.

ಮತ್ತ ಪಂಚಮಿ ಬಂತು. ಪಂಚಮಿ ಮರುದಿನ ನಾಕೂ ಹತ್ತಕ್ಕ ನನ್ನ ಫೋನ್ ರಿಂಗಾತು. ಸೊಸಿ. ತಾಟು ಹಿಡಕೊಂಡು ನಿಂತೇನ್ರಿ, ಬರವಲ್ಲದು, ಕಲ್ಲಿನ ಮ್ಯಾಲ ಕುಂತದ, ಕರದ್ರೂ ಬರವಲ್ಲದು ಅಂದಳು. ಕಣ್ಣು ತೆರದದೇನು ಅಂತ ಕೇಳಿದೆ. ತೆರದದ್ರಿ. ನಾಲಿಗಿ ಚಾಚ್ತದ? ಚಾಚ್ತದ್ರಿ. ಬೆಳಿಗ್ಗಿ ಅಡ್ಯಾಡೇದ? ಅಡ್ಯಾಡೇದ್ರಿ. ಹಂಗಾರ ಏನೂ ಆಗಿಲ್ಲವ್ವಾ, ಹೊಟ್ಟಿ ಹಸದಿಲ್ಲ ಅದಕ್ಕ, ಇದು ಛಲೋ ಲಕ್ಷಣ ಅಂದೆ.

ಫೋನಿನ್ಯಾಗ ಬಲಿ ಅಲಗಾಡೂ ಸಪ್ಪಳ ಬರತಿತ್ತು.

"ಬಾಯಾರ," ಅಂದಳು ಕಡೀಕ. "ನಮ್ಮ ಮನಿಯವರ ಹಸಿವಿ ತೀರಿರಬೇಕೇನ್ರಿ?"

ಒಂದು ವರ್ಷ ಆ ಮನಿಮಂದಿಗೆ ನಾ ಒಂದ ಮಾತು ಹೇಳಿಕೋತ ಬಂದಿದ್ದೆ. ಇದು ಹಲ್ಲಿ, ಇದಕ್ಕ ಹೊತ್ತಿನ ರೂಢಿ ಅದ, ವಾಸನಿ ಗುರ್ತು ಅದ, ಬ್ಯಾರೆ ಏನೂ ಅಲ್ಲ. ಅದ ಮಾತು ಬಾಯಿತನಕ ಬಂತು. ನುಂಗಿಕೊಂಡೆ.

"ತೀರೇದವ್ವಾ," ಅಂದೆ.

ಅಕಿ ಫೋನ್ ಇಡಲಿಲ್ಲ. ನಿನ್ನೆ ತವರಿನಿಂದ ಹೋಳಿಗಿ ಬಂದಾವ್ರಿ, ಒಂದು ಕಾಗದದಾಗ ಸುತ್ತಿ ತಂದೇನಿ ಅಂತ ಸಣ್ಣ ದನಿಲೆ ಅಂದಳು. ಕುಂಬಳಕಾಯಿ ತಾಟು ಕೆಳಗಿಟ್ಟ ಸಪ್ಪಳ ಕೇಳಿತು, ಕಾಗದ ಬಿಚ್ಚಿದ್ದು ಕೇಳಿತು. ಆಮ್ಯಾಲ ಅಕಿ ತಿನ್ನೂ ಸಪ್ಪಳ, ಅಳಕೋತ, ನಿಧಾನಕ. ಅಕಿ ಅರ್ಧಾ ತಿಂದು ಮುಗಸೂತನಕ ನಾ ಫೋನ್ ಹಿಡಕೊಂಡು ಕುಂತಿದ್ದೆ.